ನೀರಿನ ಕೆಳಗಿನ ಗಾಡಿದಾರಿ

“ಅಮ್ಮ, ಹೊಟ್ಟೆ ನೋಯ್ತಿದೆ,” ಎಂದಳು ಮೀನಾಕ್ಷಿ.

ಅಮ್ಮ ಅರಸೀಕೆರೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಕಣ್ಣು ತೆರೆಯದೆಯೇ ಕೈ ಚಾಚಿ ಮಗಳ ಹಣೆ ಮುಟ್ಟಿದಳು. ಆಮೇಲೆ ಕತ್ತು ಮುಟ್ಟಿದಳು. ಆಮೇಲೆ ಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಳು.

“ಇಲ್ಲಿ ನೋಯುತ್ತಾ?”

“ಹೂಂ.”

“ಇಲ್ಲಿ?”

“ಅಲ್ಲೂ.”

“ಎಲ್ಲಾ ಕಡೆ ನೋಯೋ ಹೊಟ್ಟೆನೋವು ನಮ್ಮ ಆಸ್ಪತ್ರೆಗೆ ಸೋಮವಾರ ಬೆಳಿಗ್ಗೆ ಜಾಸ್ತಿ ಬರುತ್ತೆ,” ಎಂದಳು ಅಮ್ಮ. “ಸ್ಕೂಲ್ ಮಕ್ಕಳಿಗೆ.”

ಅಮ್ಮ ನರ್ಸು. ಅಮ್ಮನ ಹತ್ತಿರ ಹೊಟ್ಟೆನೋವಿನ ಸುಳ್ಳು ನಡೆಯುವುದಿಲ್ಲ ಎಂದು ಮೀನಾಕ್ಷಿಗೆ ಗೊತ್ತಿತ್ತು. ಆದರೂ ಹೇಳಿ ನೋಡಿದ್ದಳು.

ಅಮ್ಮ ಈಗ ಕಣ್ಣು ತೆರೆದಳು. ಅವು ಕೆಂಪಾಗಿದ್ದವು. ರಾತ್ರಿ ಡ್ಯೂಟಿ ಮುಗಿಸಿ, ಮನೆಗೆ ಬಂದು ಸೀರೆ ಬದಲಾಯಿಸಿ, ಹಾಗೇ ಹೊರಟು ಬಂದಿದ್ದಳು. ಅಪ್ಪ ರೈಲ್ವೆ ಕೆಲಸದ ಮೇಲೆ ಊರಲ್ಲಿರಲಿಲ್ಲ. ಮಕ್ಕಳ ಜೊತೆ ಮನೆಯವರೊಬ್ಬರು ಬರಲೇಬೇಕು ಎಂದು ಸ್ಕೂಲಿನಲ್ಲಿ ಹೇಳಿದ್ದರು.

“ಬೇಡ ಅನ್ನಿಸಿದ್ರೆ ಈಗಲೇ ಹೇಳು ಮೀನಿ. ಮನೆಗೆ ಹೋಗಿ ಮಲಗೋಣ. ನಂಗೇನೂ ಬೇಜಾರಿಲ್ಲ.”

ಬೇಡ ಎನ್ನುವ ಮಾತು ಮೀನಾಕ್ಷಿಯ ನಾಲಿಗೆಯ ತುದಿಯವರೆಗೆ ಬಂತು. ಅಲ್ಲೇ ನಿಂತಿತು.

ಬೇಲೂರಿನ ಹತ್ತಿರ ಯಗಚಿ ಡ್ಯಾಮಿನಲ್ಲಿ ಒಂದು ಕ್ಯಾಂಪ್ ಇದೆ ಎಂದು ಪಿ.ಟಿ. ಮಾಸ್ತರು ಹೇಳಿದಾಗ ಇಡೀ ಐದನೇ ಕ್ಲಾಸು ಕೈ ಎತ್ತಿತ್ತು. ಸಮುದ್ರದ ಕಡೆಯಿಂದ ಸ್ಕೂಬಾ ಡೈವಿಂಗ್ ಕಲಿಸುವವರು ಬರುತ್ತಾರಂತೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೀರಿನೊಳಗೆ ಕರೆದುಕೊಂಡು ಹೋಗುತ್ತಾರಂತೆ. ಮೀನಿನ ಹಾಗೆ ಒಳಗೇ ಉಸಿರಾಡಬಹುದಂತೆ. ಎಲ್ಲರೂ ಕೈ ಎತ್ತಿದ್ದರಿಂದ ಮೀನಾಕ್ಷಿಯೂ ಎತ್ತಿದ್ದಳು. ಈಜು ಬರುವವರು ಮಾತ್ರ ಎಂದಾಗ ಒಂದೊಂದೇ ಕೈ ಕೆಳಗಿಳಿಯಿತು. ಮೀನಾಕ್ಷಿ ಹೋದ ಬೇಸಿಗೆಯಲ್ಲಿ ಕಣಕಟ್ಟೆಯಲ್ಲಿ ಅಪ್ಪನ ಸ್ನೇಹಿತರ ತೆಂಗಿನ ತೋಟದ ಬಾವಿಯಲ್ಲಿ ಈಜು ಕಲಿತಿದ್ದಳು. ಅವಳ ಕೈ ಮೇಲೇ ಉಳಿಯಿತು.

“ಮೀನಾಕ್ಷಿ ಮೀನಾಗ್ತಾಳೆ,” ಎಂದು ಹುಡುಗರು ಹಾಡು ಕಟ್ಟಿದರು. ಅವಳಿಗೂ ಖುಷಿಯಾಯಿತು. ವಾರವಿಡೀ ಅದೇ ಮಾತು. ನೀಲಿ ನೀರು, ಬಣ್ಣದ ಮೀನು ಎಂದು ಏನೇನೋ ಹೇಳಿಕೊಂಡು ತಿರುಗಿದಳು.

ಆದರೆ ಹಾಸಿಗೆಯಲ್ಲಿ ಮಲಗಿದಾಗ ಬೇರೆ ಯೋಚನೆ ಬರುತ್ತಿತ್ತು. ಬಾವಿಯಲ್ಲಾದರೆ ತಲೆ ನೀರಿನ ಮೇಲೆ ಇರುತ್ತದೆ. ಮೇಲೆ ನೋಡಿದರೆ ಆಕಾಶ, ತೆಂಗಿನ ಗರಿ, ಹಗ್ಗ ಹಿಡಿದು ನಿಂತ ಅಪ್ಪ. ನೀರಿನ ಒಳಗೆ ಏನಿರುತ್ತದೆ? ಅಲ್ಲಿ ಯಾರನ್ನು ಕೂಗುವುದು? ಬಾಯಲ್ಲಿ ಪೈಪು ಇರುತ್ತದಲ್ಲ. ಒಂದು ದಿನ ಕಂಬಳಿ ಮುಖದ ಮೇಲೆ ಎಳೆದುಕೊಂಡು, ಉಸಿರಾಡಲು ಆಗುತ್ತದಾ ಎಂದು ಪರೀಕ್ಷೆ ಮಾಡಿದಳು. ಸ್ವಲ್ಪ ಹೊತ್ತಿಗೇ ಕಿತ್ತೆಸೆದು ಎದ್ದು ಕೂತಳು.

“ಬಸ್ ಬಂತು,” ಎಂದಳು ಅಮ್ಮ. “ಹತ್ತೋದಾ, ಬೇಡ್ವಾ?”

ಮೀನಾಕ್ಷಿ ಹತ್ತಿದಳು.

ಬಸ್ಸಿನಲ್ಲಿ ಅಮ್ಮ ಕೂತ ತಕ್ಷಣ ನಿದ್ದೆ ಹೋದಳು. ತಲೆ ಜಾರಿ ಮಗಳ ಹೆಗಲಿಗೆ ಬಿತ್ತು. ಭಾರವಾಗಿತ್ತು, ಡೆಟ್ಟಾಲ್ ವಾಸನೆ ಬರುತ್ತಿತ್ತು. ಮೀನಾಕ್ಷಿ ಕಿಟಕಿಯಾಚೆ ನೋಡುತ್ತಾ ಕೂತಳು. ತೆಂಗಿನ ತೋಟಗಳು ಹಿಂದೆ ಸರಿದವು. ರಾಗಿ ಕುಯ್ದ ಹೊಲಗಳು ಬಂದವು. ಜಾವಗಲ್‌ನಲ್ಲಿ ಬಸ್ಸು ನಿಂತು, ಡ್ರೈವರು ಕಾಫಿಗೆಂದು ಇಳಿದು ಹೋಗಿ, ಎಷ್ಟೋ ಹೊತ್ತು ಬರಲೇ ಇಲ್ಲ. ಅವನು ಬರದೇ ಇದ್ದರೆ ಚೆನ್ನಾಗಿತ್ತು ಎಂದುಕೊಂಡಳು. ಬಂದ.

ಆ ಬಸ್ಸು ಹಳೇಬೀಡಿನವರೆಗೆ ಮಾತ್ರ. ಇಳಿದು ಬೇಲೂರಿನ ಬಸ್ಸು ಹಿಡಿಯಬೇಕು. ಅಮ್ಮನನ್ನು ಎಬ್ಬಿಸಿ ಇಳಿದರೆ, ಗುಡಿ ನೋಡಲು ಬಂದ ಪ್ರವಾಸಿಗರ ನಡುವೆ ಅಜ್ಜಿ ನಿಂತಿದ್ದಳು. ಕಂಕುಳಲ್ಲಿ ಒಂದು ಬಟ್ಟೆಯ ಚೀಲ.

ಅಜ್ಜಿ ಎಂದರೆ ಅಮ್ಮನ ಅಮ್ಮ, ಮಾರಮ್ಮ. ಅಲ್ಲೇ ಹತ್ತಿರದ ಹುಲಿಕೆರೆಯಲ್ಲಿ ಮೀನಾಕ್ಷಿಯ ಸೋದರಮಾವನ ಮನೆಯಲ್ಲಿರುತ್ತಾಳೆ.

“ಅವ್ವ, ನೀನ್ಯಾಕೆ ಬಂದೆ?” ಅಮ್ಮನ ನಿದ್ದೆ ಪೂರ್ತಿ ಹಾರಿಹೋಯಿತು.

“ಮಗೀನ ನೀರಿಗಿಳಿಸ್ತಾರೆ ಅಂತ ಫೋನಾಗೆ ಯೋಳ್ಬುಟ್ಟೆ. ನಾನ್ ಮನೇಲಿ ಕುಂತಿರಕ್ಕಾಯ್ತದಾ? ನಾನೂ ಬತ್ತೀನಿ.”

“ಅಲ್ಲಿಗೆ ಬರ್ತೀಯಾ?”

“ಬತ್ತೀನಿ ಅಂದ್ನಲ್ಲ.”

ಅಮ್ಮ ಅಜ್ಜಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

ಅಮ್ಮ ಯಾಕೆ ಹಾಗೆ ನೋಡಿದಳು ಎಂದು ಮೀನಾಕ್ಷಿಗೆ ಅರ್ಧ ಗೊತ್ತಿತ್ತು. ಅಜ್ಜಿಯ ಹಳೆಯ ಊರು ಯಗಚಿ ಡ್ಯಾಮಿನ ನೀರಿನಲ್ಲಿ ಮುಳುಗಿದೆ. ಮೀನಾಕ್ಷಿ ಕೂಸಾಗಿದ್ದಾಗ ಊರಿನವರೆಲ್ಲ ಬಿಟ್ಟು ಬೇರೆ ಬೇರೆ ಕಡೆ ಹೋದರು. ಆಮೇಲೆ ಅಜ್ಜಿ ಆ ಕಡೆ ಹೋದದ್ದೇ ಇಲ್ಲ. ಬೇಲೂರಿನ ಸಂತೆಗೂ ಹೋಗುವುದಿಲ್ಲ. ಹಳೇಬೀಡಿನಲ್ಲಿ ಸಿಗದ ಸಾಮಾನು ನನಗೆ ಬೇಡವೇ ಬೇಡ ಎನ್ನುತ್ತಾಳೆ.

ಬೇಲೂರಿನಿಂದ ಡ್ಯಾಮಿನ ದಂಡೆಗೆ ಆಟೋದಲ್ಲಿ ಹೋದರು. ಮಧ್ಯೆ ಕೂತ ಅಜ್ಜಿ ದಾರಿಯುದ್ದಕ್ಕೂ ತನ್ನ ಚೀಲದ ಗಂಟನ್ನೇ ನೋಡುತ್ತಿದ್ದಳು.

ನೀರು ನೀಲಿಯಾಗಿರಲಿಲ್ಲ.

ಅದೇ ಮೀನಾಕ್ಷಿಗೆ ಮೊದಲು ಕಂಡದ್ದು. ದೂರದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು, ಹತ್ತಿರ ಬಂದರೆ ಮಣ್ಣುಬಣ್ಣ, ಒಂದಿಷ್ಟು ಹಸಿರು. ದಂಡೆಯಲ್ಲಿ ಶಾಮಿಯಾನ ಹಾಕಿದ್ದರು. ಸಿಲಿಂಡರ್‌ಗಳನ್ನು ಸಾಲಾಗಿ ಮಲಗಿಸಿದ್ದರು. ಅವಳ ಸ್ಕೂಲಿನ ಇಬ್ಬರು ಹುಡುಗರು ಒಬ್ಬನ ಅಪ್ಪನ ಬೈಕಿನಲ್ಲಿ ಮೊದಲೇ ಬಂದು, ಆಗಲೇ ಒದ್ದೆಯಾಗಿ ಓಡಾಡುತ್ತಿದ್ದರು.

ಕಲಿಸುವವರಲ್ಲಿ ಸಂತೋಷ್ ಎನ್ನುವವರು ಮೀನಾಕ್ಷಿಯನ್ನು ಕರೆದರು. ಬಿಸಿಲಿಗೆ ಕಪ್ಪಾದ, ತೆಳ್ಳಗಿನ ಮನುಷ್ಯ. ಮಾತು ಕಡಿಮೆ.

“ಒಂದೇ ರೂಲ್ಸ್ ಇರೋದು,” ಎಂದರು. “ಉಸಿರು ಹಿಡಿಯಬಾರ್ದು. ಎಳೀಬೇಕು, ಬಿಡಬೇಕು. ಒಳಗೆ ಮಾತಿಲ್ಲ. ಕೈಯಲ್ಲೇ ಎಲ್ಲ.”

ಹೆಬ್ಬೆರಳು ಮತ್ತು ತೋರುಬೆರಳನ್ನು ಉಂಗುರದಂತೆ ಸೇರಿಸಿದರೆ ಎಲ್ಲ ಸರಿಯಿದೆ ಎಂದು ಅರ್ಥ. ಹೆಬ್ಬೆರಳು ಮೇಲೆತ್ತಿದರೆ ಮೇಲೆ ಹೋಗೋಣ ಎಂದು ಅರ್ಥ. ಅಂಗೈ ಅಲ್ಲಾಡಿಸಿದರೆ ಏನೋ ಸರಿಯಿಲ್ಲ. ಮೀನಾಕ್ಷಿ ಎಲ್ಲವನ್ನೂ ಮಾಡಿ ತೋರಿಸಿದಳು. ಬೆನ್ನಿಗೆ ಸಿಲಿಂಡರ್ ಬಂತು. ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಬಂತು. ಬಾಯಲ್ಲಿ ಕಚ್ಚಿಕೊಂಡ ಪೈಪಿಗೆ ಹಳೆಯ ಎರೇಸರಿನ ರುಚಿಯಿತ್ತು.

ಸೊಂಟದವರೆಗಿನ ನೀರಿನಲ್ಲಿ ಮಂಡಿಯೂರಿ, ಮುಖ ಮುಳುಗಿಸಿದಳು.

ಮೊದಲು ಕೇಳಿಸಿದ್ದು ಅವಳದೇ ಉಸಿರು. ಯಾರೋ ದೊಡ್ಡವರು ಕಿವಿಯ ಪಕ್ಕದಲ್ಲೇ ಗೊರಕೆ ಹೊಡೆದಂತಿತ್ತು. ಕಣ್ಣು ತೆರೆದರೆ ಬರೀ ಹಸಿರು. ಕೈ ಚಾಚಿದರೆ ಬೆರಳುಗಳು ಮಬ್ಬಾಗಿ ಮಾಯವಾದವು. ಬಣ್ಣದ ಮೀನಿಲ್ಲ, ಏನೂ ಇಲ್ಲ. ಆ ಏನೂ ಇಲ್ಲದ ಹಸಿರು ಅವಳ ಕಡೆಗೇ ಬರುತ್ತಿರುವಂತೆ ಅನ್ನಿಸಿತು.

ದಡಕ್ಕನೆ ಎದ್ದು ನಿಂತಳು.

“ಪರವಾಗಿಲ್ಲ. ಮತ್ತೊಮ್ಮೆ,” ಎಂದರು ಸಂತೋಷ್ ಸರ್.

ಮತ್ತೊಮ್ಮೆ ಮುಳುಗಿದಳು, ಎದ್ದಳು. ಇನ್ನೊಮ್ಮೆ ಮುಳುಗಿದವಳು ಪೈಪನ್ನೇ ಉಗಿದು, ಒಂದು ಗುಟುಕು ಕೆಸರುನೀರು ಕುಡಿದು, ಕೆಮ್ಮುತ್ತಾ ಎದ್ದಳು.

“ಎಂತ ಆಯ್ತು?”

“ಏನೂ ಕಾಣಲ್ಲ ಸರ್.”

“ಹೌದು. ಇಲ್ಲಿ ಕಾಣೋದಿಲ್ಲ. ನಮ್ಮ ಸಮುದ್ರದಲ್ಲಿ ಕಾಣ್ತದೆ. ಇದು ಮಣ್ಣು ನೀರು.”

“ಹಾವು ಇದೆಯಾ ಸರ್?”

“ನಾವು ಇಷ್ಟು ಗಲಾಟೆ ಮಾಡುವಲ್ಲಿ ಅದು ಯಾಕೆ ಬರ್ತದೆ?”

“ತುಂಬಾ ಆಳ ಇದೆಯಾ?”

“ನಾವು ಹೋಗುವಲ್ಲಿ ನನ್ನ ತಲೆಯಿಂದ ಸ್ವಲ್ಪ ಮೇಲೆ. ಹಗ್ಗ ಕಟ್ಟಿದೆ.”

“ಮುಂದೆ ಇನ್ನೂ ತಣ್ಣಗಿರುತ್ತಾ? ಕೆಳಗೆ ಏನಿದೆ?”

ಸಂತೋಷ್ ಸರ್ ಎಲ್ಲಕ್ಕೂ ಉತ್ತರ ಕೊಟ್ಟರು. ಕೊನೆಯದಕ್ಕೆ ಮಾತ್ರ ಸ್ವಲ್ಪ ಯೋಚಿಸಿ, “ನಂಗೂ ಗೊತ್ತಿಲ್ಲ. ನಾನೂ ಈ ನೀರಿಗೆ ಹೊಸಬ,” ಎಂದರು. ಆಮೇಲೆ ಅವಳ ಬೆನ್ನಿನ ಸಿಲಿಂಡರ್ ಬಿಚ್ಚಿದರು. “ಗಡಿಬಿಡಿ ಇಲ್ಲ. ಬಿಸಿಲಲ್ಲಿ ಕೂತ್ಕೋ. ಬರಬೇಕು ಅನ್ನಿಸಿದ್ರೆ ಬಾ. ಅನ್ನಿಸದಿದ್ರೂ ಆಯ್ತು.”

ನೀರಿನಿಂದ ಹೊರಗೆ ಬಂದರೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಮೈಯೆಲ್ಲ ಕಲ್ಲು ಹೊತ್ತಂತೆ ಸುಸ್ತಾಗಿತ್ತು. ವಾರದಿಂದ ಹೆದರಿ ಹೆದರಿಯೇ ಸುಸ್ತಾಗಿತ್ತು.

ಅಮ್ಮ ಹೊಂಗೆ ಮರದ ಕೆಳಗೆ ಬ್ಯಾಗು ತಬ್ಬಿಕೊಂಡು ನಿದ್ದೆ ಮಾಡುತ್ತಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಅಜ್ಜಿ ಇನ್ನೂ ಆಚೆ ಒಂದು ಬಂಡೆಯ ಮೇಲೆ, ನೀರಿಗೆ ಬೆನ್ನು ಹಾಕಿ ಕೂತಿದ್ದಳು. ಮೀನಾಕ್ಷಿ ಹೋಗಿ ಪಕ್ಕದಲ್ಲಿ ಕೂತಳು. ಅಜ್ಜಿ ಚೀಲದಿಂದ ಟವಲು ತೆಗೆದು ಅವಳ ತಲೆ ಒರೆಸಿದಳು. ಹುರಿದ ಕಡ್ಲೆಕಾಯಿ ಕೈಗೆ ಹಾಕಿದಳು.

“ಆಯ್ತಾ?”

“ಇಲ್ಲ ಅಜ್ಜಿ. ನಂಗಾಗಲ್ಲ.”

“ಬುಡು ಮತ್ತೆ.”

“ಸ್ಕೂಲಲ್ಲಿ ಎಲ್ರೂ ನಗ್ತಾರೆ.”

“ನಗ್ಲಿ. ಅವ್ರ ಹಲ್ಲು, ಅವ್ರ ಬಾಯಿ.”

ಇಬ್ಬರೂ ಕಡ್ಲೆಕಾಯಿ ಸುಲಿದರು. ಹಿಂದೆ ಹುಡುಗರು ನೀರಿನಲ್ಲಿ ಕೇಕೆ ಹಾಕುತ್ತಿದ್ದರು.

“ಅಜ್ಜಿ, ನೀನ್ಯಾಕೆ ಆ ಕಡೆ ನೋಡ್ತಾನೇ ಇಲ್ಲ?”

ಅಜ್ಜಿ ಸಿಪ್ಪೆಗಳನ್ನು ಒಟ್ಟು ಮಾಡಿ ಒಂದು ಕಡೆ ಇಟ್ಟಳು. ತಿರುಗದೆ, ಕೈಯನ್ನು ಮಾತ್ರ ಹೆಗಲ ಮೇಲಿಂದ ಹಿಂದಕ್ಕೆ ಚಾಚಿ ತೋರಿಸಿದಳು.

“ಅಲ್ಲೊಂದು ಜಾಲಿಮರ ಐತಲ್ಲ, ಕೊಂಬೆ ನೀರಿಗೆ ಬಾಗಿರೋದು.”

ಮೀನಾಕ್ಷಿ ತಿರುಗಿ ನೋಡಿದಳು. ಇತ್ತು.

“ಅದ್ರ ಪಕ್ಕದಾಗೆ ಗಾಡಿದಾರಿ. ಇಳೀತಾ ಇಳೀತಾ ನಮ್ಮೂರಿಗೆ ಹೋಯ್ತಿತ್ತು. ನಿಮ್ಮಮ್ಮ ಅದ್ರಾಗೇ ನಡ್ಕಂಡು ಬೇಲೂರು ಇಸ್ಕೂಲಿಗೆ ಹೋಯ್ತಿದ್ದದ್ದು. ವಾಪಸ್ ಬರವಾಗ ಯಾರ್ದಾರ ಗಾಡಿ ಹಿಂದ್ಗಡೆ ನೇತಾಕ್ಕಂಡು ಬರವ್ಳು.”

ಜಾಲಿಮರದ ಪಕ್ಕ ಎಂದರೆ ಸಂತೋಷ್ ಸರ್ ಹಗ್ಗ ಕಟ್ಟಿದ್ದ ಜಾಗ. ಮಕ್ಕಳು ನೀರಿಗಿಳಿಯುತ್ತಿದ್ದದ್ದೇ ಅಲ್ಲಿ.

“ನಿಂಗೆ ನೋಡಿದ್ರೆ ಬೇಜಾರಾಗುತ್ತಾ?”

“ಬ್ಯಾಸರ ಎಲ್ಲಾ ಹಳೇದಾಯ್ತು. ಭಯ ಕಣವ್ವ.”

ಮೀನಾಕ್ಷಿ ಕಡ್ಲೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ಅಜ್ಜಿಗೆ ಭಯವೇ? ಹುಲಿಕೆರೆಯ ಹಿತ್ತಲಿಗೆ ಹಾವು ಬಂದರೆ ಮಾವ ಮಂಚ ಹತ್ತುತ್ತಾನೆ. ಕೋಲು ಹಿಡಿದು ಹೋಗುವವಳು ಅಜ್ಜಿ.

“ಆ ಹೊಸ ಮನೆಗೆ ಬಂದಾಗ್ಲೂ ಹಂಗೇಯ,” ಎಂದಳು ಅಜ್ಜಿ. “ನಮ್ಮೂರ ಮನೇಲಿ ನಾನು ಕಣ್ ಮುಚ್ಕಂಡು ಓಡಾಡ್ತಿದ್ದೆ. ಹುಲಿಕೆರೇಲಿ ಕರೆಂಟ್ ಹೋದ್ರೆ ಬಾಗ್ಲೇ ಸಿಗ್ತಿರ್ಲಿಲ್ಲ. ಎದ್ದು ನಿಂತ್ರೆ ಯಾವ ಕಡೆ ಏನೈತೆ ಗೊತ್ತಾಗಾಕಿಲ್ಲ. ಎದೆ ಡವಡವ ಅನ್ನದು. ಯಾರ್ನ ಕೂಗದು? ಎಂಥ ಮುದುಕಿ ಅಂತ ನಗಾಕಿಲ್ವಾ?”

“ಏನ್ ಮಾಡ್ತಿದ್ದೆ?”

“ಏನ್ ಮಾಡದು. ಗೋಡೆ ಮ್ಯಾಲೆ ಕೈ ಆಡಿಸ್ಕಂಡು ಆಡಿಸ್ಕಂಡು ಹೋಗದು. ಬುದ್ಧನ ಪಟ ಕೈಗೆ ಸಿಕ್ರೆ, ಅದ್ರ ಬಲಕ್ಕೆ ಬಾಗ್ಲು.”

“ಈಗ ಸಿಗುತ್ತಾ?”

“ಈಗ ಸಿಕ್ತದೆ,” ಎಂದಳು ಅಜ್ಜಿ. ಒಂದು ಕಡ್ಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡು, “ಒಂದೊಂದ್ ದಿನ ಸಿಗಾಕಿಲ್ಲ,” ಎಂದಳು.

ಬಿಸಿಲು ಇಳಿಯುತ್ತಾ ಬಂತು. ದಂಡೆಯಲ್ಲಿ ಸಿಲಿಂಡರ್‌ಗಳನ್ನು ವ್ಯಾನಿಗೆ ತುಂಬಲು ಶುರುಮಾಡಿದ್ದರು. ಕೊನೆಯ ಹುಡುಗ ಮೇಲೆ ಬಂದು ಟವಲು ಸುತ್ತಿಕೊಂಡ.

ಮೀನಾಕ್ಷಿ ಎದ್ದಳು. ಧೈರ್ಯ ಬಂದಿತ್ತು ಎಂದೇನೂ ಅಲ್ಲ. ಕೆಳಗೆ ಏನಿದೆ ಎಂಬ ಅವಳ ಪ್ರಶ್ನೆಗೆ ಮಾತ್ರ ಈಗ ಒಂದು ಉತ್ತರವಿತ್ತು. ಕೆಳಗೆ ದಾರಿಯಿದೆ. ಅಮ್ಮ ನಡೆದ ದಾರಿ.

“ಸರ್, ನಾನೊಂದು ಸಲ ಬರ್ಲಾ?”

ಸಂತೋಷ್ ಸರ್ ವ್ಯಾನಿಗೆ ಎತ್ತಿ ಇಡುತ್ತಿದ್ದ ಸಿಲಿಂಡರನ್ನು ಹಾಗೇ ಕೆಳಗಿಳಿಸಿದರು.

ಹಗ್ಗ ಹಿಡಿದು ಇಳಿದರು. ಮುಖ ಮುಳುಗಿತು. ಅದೇ ಗೊರಕೆ, ಅದೇ ಹಸಿರು. ಎದ್ದು ಬಿಡಬೇಕು ಎನ್ನಿಸಿತು. ಸಂತೋಷ್ ಸರ್ ಅವಳ ತೋಳು ಹಿಡಿದಿದ್ದರು, ಎಳೆಯುತ್ತಿರಲಿಲ್ಲ. ಮೀನಾಕ್ಷಿ ಕಣ್ಣು ಮುಚ್ಚಿಕೊಂಡಳು. ಕಾಣದ್ದನ್ನು ನೋಡುತ್ತಾ ಇರುವುದೇ ಹೆಚ್ಚು ಕಷ್ಟವಾಗಿತ್ತು. ಕಣ್ಣು ಮುಚ್ಚಿ, ಎಳೆದಳು, ಬಿಟ್ಟಳು. ಎಳೆದಳು, ಬಿಟ್ಟಳು. ಕೆಳಗೆ ಕೆಳಗೆ ಹೋದಂತೆ ಕೈ ಚಾಚಿದಳು.

ಮೊದಲು ಕೆಸರು ಸಿಕ್ಕಿತು. ರಾಗಿ ಅಂಬಲಿಯ ಹಾಗೆ ಮೆತ್ತಗೆ. ಅದರೊಳಗೆ ಬೆರಳು ಇಳಿಸಿದಳು. ಕೆಳಗೆ ಗಟ್ಟಿ ನೆಲ. ಸಣ್ಣ ಸಣ್ಣ ಕಲ್ಲು. ಕೈ ಆಡಿಸುತ್ತಾ ಹೋದಳು. ಒಂದು ಕಡೆ ನೆಲ ತಗ್ಗಾಯಿತು. ಅವಳ ಅಂಗೈ ಹಿಡಿಯುವಷ್ಟೇ ಅಗಲದ ತಗ್ಗು. ಉದ್ದಕ್ಕೆ ಹೋಗುತ್ತಲೇ ಇತ್ತು. ಅದರ ಜೊತೆಯಲ್ಲೇ ಅವಳ ಕೈಯೂ ಹೋಯಿತು.

ಗೊರಕೆಯ ಸದ್ದು ಯಾವಾಗ ಕಡಿಮೆಯಾಯಿತೋ ಅವಳಿಗೆ ಗೊತ್ತಾಗಲಿಲ್ಲ. ಕಣ್ಣು ತೆರೆದಾಗ ಮೇಲೆ ಎಲ್ಲೋ ಹಳದಿ ಬೆಳಕು ಅಲ್ಲಾಡುತ್ತಿತ್ತು. ಬೆರಳುಗಳನ್ನು ಉಂಗುರದಂತೆ ಮಾಡಿ ತೋರಿಸಿದಳು. ಆ ಮಬ್ಬಿನಲ್ಲಿ ಸರ್‌ಗೆ ಅದು ಕಾಣಲಿಲ್ಲ. ಅವರು ಅವಳ ಕೈ ಹಿಡಿದು, ಬೆರಳುಗಳನ್ನು ಮುಟ್ಟಿ ನೋಡಿದರು. ಆಮೇಲೆ ತಮ್ಮ ಬೆರಳುಗಳ ಉಂಗುರವನ್ನು ಅವಳ ಅಂಗೈಯಲ್ಲಿ ಒತ್ತಿದರು.

ಮೇಲೆ ಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳ ಸ್ಕೂಲಿನ ಹುಡುಗರು ಹೊರಟು ಹೋಗಿದ್ದರು. ಅಮ್ಮ ಇನ್ನೂ ನಿದ್ದೆಯಲ್ಲಿದ್ದಳು. ಮೀನಾಕ್ಷಿ ನೀರು ಸುರಿಸಿಕೊಂಡು ನೆಟ್ಟಗೆ ಬಂಡೆಯ ಹತ್ತಿರ ಹೋದಳು.

“ಹೋಗಿದ್ದೆ ಅಜ್ಜಿ.”

“ಏನೈತೆ ಅಲ್ಲಿ?”

“ಏನೂ ಕಾಣಲ್ಲ. ಮೇಲೆ ಕೆಸರಿದೆ. ಕೈ ಒತ್ತಿದ್ರೆ ಗಟ್ಟಿ ನೆಲ, ಕಲ್ಲು. ಒಂದು ಕಡೆ ಉದ್ದಕ್ಕೆ ಹಳ್ಳ ಇದೆ. ಇಷ್ಟಗಲ.” ಅಂಗೈ ತೋರಿಸಿದಳು.

ಅಜ್ಜಿ ಆ ಒದ್ದೆ ಅಂಗೈಯನ್ನೇ ನೋಡಿದಳು.

“ಗಾಡಿ ಜಾಡು,” ಎಂದಳು. “ಇನ್ನೂ ಐತಾ?”

“ಇದೆ.”

ಅಜ್ಜಿ ನಿಧಾನವಾಗಿ ಕೂತಲ್ಲೇ ತಿರುಗಿದಳು. ಮೊದಲು ಜಾಲಿಮರ ನೋಡಿದಳು. ಆಮೇಲೆ ಹಗ್ಗ. ಆಮೇಲೆ ನೀರು. ಬಹಳ ಹೊತ್ತು ನೋಡಿದಳು.

“ನೀರು ತಣ್ಣಗೈತಾ?”

“ಮೊದ್ಲು ತಣ್ಣಗಿರುತ್ತೆ. ಆಮೇಲೆ ಗೊತ್ತಾಗಲ್ಲ.”

“ಜಾರ್ತದಾ?”

“ದಡದಲ್ಲಿ ಸ್ವಲ್ಪ.”

“ಎಲ್ಲೀಗಂಟ ಕಾಲಿಗೆ ನೆಲ ಸಿಕ್ತದೆ?”

“ಆ ಕೊಂಬೆ ಇದೆಯಲ್ಲ, ಅಲ್ಲಿಗಂಟ.”

ಅಜ್ಜಿ ಇನ್ನೂ ಏನೇನೋ ಕೇಳಿದಳು. ಮೀನಾಕ್ಷಿ ಒಂದೊಂದಕ್ಕೂ ಉತ್ತರ ಹೇಳಿದಳು. ಇಂಥ ಪ್ರಶ್ನೆಗಳನ್ನು ಯಾಕೆ ಕೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಬಾ ಅಜ್ಜಿ ಎಂದು ಕರೆಯಲಿಲ್ಲ. ಹೆದರಬೇಡ ಎಂದೂ ಹೇಳಲಿಲ್ಲ.

ಕೊನೆಗೆ ಅಜ್ಜಿ ಚಪ್ಪಲಿ ಬಿಟ್ಟಳು. ಸೀರೆಯನ್ನು ಸ್ವಲ್ಪ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ನೀರಿನ ಅಂಚಿನವರೆಗೆ ನಡೆದು, ಅಲ್ಲೇ ನಿಂತಳು. ಒಂದು ಹೆಬ್ಬೆರಳು ನೀರಿಗಿಟ್ಟು ತೆಗೆದಳು.

ಅಷ್ಟರಲ್ಲಿ ಅಮ್ಮ ಎದ್ದು ಬಂದಳು. ಕೂದಲಿಗೆ ಹೊಂಗೆಯ ಎಲೆ ಅಂಟಿತ್ತು. “ಎಷ್ಟು ಹೊತ್ತು ಮಲಗಿಬಿಟ್ಟೆ! ಅವ್ವ, ಮೀನಿ, ನಡೀರಿ. ಬಸ್ಸು ತಪ್ಪಿದ್ರೆ ಕಷ್ಟ.”

“ಇರಮ್ಮ,” ಎಂದಳು ಮೀನಾಕ್ಷಿ.

ಅಮ್ಮ ಮಗಳನ್ನು ನೋಡಿದಳು. ಆಮೇಲೆ ತನ್ನ ಅವ್ವನನ್ನು ನೋಡಿದಳು. ಬ್ಯಾಗನ್ನು ನೆಲಕ್ಕಿಟ್ಟು ಅಲ್ಲೇ ಹುಲ್ಲಿನ ಮೇಲೆ ಕೂತಳು.

ಮೀನಾಕ್ಷಿ ನೀರಿಗಿಳಿದು ಅಜ್ಜಿಯ ಪಕ್ಕಕ್ಕೆ ನಿಂತಳು. ಒದ್ದೆ ಬಟ್ಟೆಗೆ ಗಾಳಿ ತಾಗಿ ಚಳಿಯಾಗುತ್ತಿತ್ತು. ಹಸಿವಾಗಿತ್ತು. ಕಾಲು ನೋಯುತ್ತಿತ್ತು. ಮನೆ ತಲುಪಲು ಇನ್ನೂ ಎರಡು ಬಸ್ಸು ಹತ್ತಬೇಕು. ಅಜ್ಜಿ ಇಡೀ ಪಾದ ನೀರಿಗಿಟ್ಟಳು. ತೆಗೆಯಲಿಲ್ಲ. ಇನ್ನೊಂದನ್ನೂ ಇಟ್ಟಳು. ಸಣ್ಣ ಅಲೆಗಳು ಬಂದು ಅವಳ ಕಾಲ್ಗಂಟು ಸುತ್ತಿದವು.

ಇನ್ನು ಸ್ವಲ್ಪ ಮುಂದೆ, ಎಡಕ್ಕೆ, ಆ ಜಾಡು ಶುರುವಾಗುತ್ತದೆ. ಹೇಳಬೇಕು ಎನ್ನಿಸಿತು. ಆದರೆ ಆ ದಾರಿ ಅಜ್ಜಿಯದು. ಮೀನಾಕ್ಷಿ ಸುಮ್ಮನೆ ನಿಂತಳು, ಅಜ್ಜಿ ಮುಂದಿನ ಹೆಜ್ಜೆ ಇಡುವವರೆಗೆ.